ಹನ್ನೆರಡರಲ್ಲಿ ಏಳು ಹಾಡಿಗೆ ಬಂದೂಕಿಲ್ಲ

ಸಂಪಾದಕರಿಗೆ ನಮಸ್ಕಾರ.

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕೌಬಾಯ್ ಹಾಡುಗಳ ಬಗ್ಗೆ ಒಂದು ಬರಹ ಬಂದಿತ್ತು. ಅದರಲ್ಲಿ ಮಾರ್ಟಿ ರಾಬಿನ್ಸ್ 1959ರಲ್ಲಿ ತಂದ 'ಗನ್‌ಫೈಟರ್ ಬ್ಯಾಲಡ್ಸ್ ಅಂಡ್ ಟ್ರೇಲ್ ಸಾಂಗ್ಸ್' ಆಲ್ಬಂ ಹೆಸರು ಹೇಳಿ, ಬಂದೂಕಿಗೆ ಪೂಜೆ ಮಾಡುವ ಹಾಡುಗಳು ಅಂತ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದ್ದಾರೆ. ಕೌಬಾಯ್ ಎಂಬ ಮಾತಿಗೆ 'ಗೋಪಾಲಕ' ಅಂತ ಬೇರೆ ಬರೆದಿದ್ದಾರೆ. ಎರಡೂ ನನಗೆ ಹಿಡಿಸಲಿಲ್ಲ. ಎರಡು ವಾರ ಸುಮ್ಮನಿದ್ದೆ. ಕೊನೆಗೆ ನಮ್ಮ ಮನೆಯವರು, "ನನ್ನ ಹತ್ತಿರ ಹೇಳಿದ್ದೇ ಹೇಳಬೇಡಿ, ಪೇಪರಿನವರಿಗೇ ಬರೆದು ಹಾಕಿ" ಅಂದರು. ಬರೆಯುತ್ತಿದ್ದೇನೆ.

ನಾನು ಸಂಗೀತ ಬಲ್ಲವನಲ್ಲ. ದನದ ಡಾಕ್ಟರು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಅಂತ ಸುತ್ತಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಇಂಗ್ಲಿಷ್ ಹಾಡು ಅಂದರೆ ಮಾರು ದೂರ ಇದ್ದೆ. ಹೋದ ವರ್ಷ ಮಗಳ ಮನೆಗೆ ಅಂತ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ, ಐದೂವರೆ ತಿಂಗಳು ಇದ್ದೆವು. ಹದಿನೈದು ವರ್ಷದ ಮೊಮ್ಮಗ ಸ್ನಾನಕ್ಕೆ ಹೋದರೂ ಊಟಕ್ಕೆ ಕೂತರೂ ಒಂದೇ ಹಾಡು ಗುನುಗುತ್ತಿದ್ದ. ಏನೋ ಅದು ಅಂತ ಕೇಳಿದೆ. 'ಫಾಲ್‌ಔಟ್: ನ್ಯೂ ವೇಗಸ್' ಎಂಬ ವಿಡಿಯೋ ಗೇಮ್‌ನೊಳಗೆ ಒಂದು ರೇಡಿಯೋ ಇದೆಯಂತೆ, ಅದರಲ್ಲಿ ಬರುವ ಹಾಡಂತೆ. ಗೇಮ್ 2010ರದ್ದು. ಹಾಡು 1959ರದ್ದು. "ಈ ಹಾಡು ನನಗಿಂತ ನಾಲ್ಕೇ ವರ್ಷ ಚಿಕ್ಕದು ಕಣೋ" ಅಂದೆ. ನಂಬಲೇ ಇಲ್ಲ.

ಅದು 'ಬಿಗ್ ಐರನ್'. ಅಗ್ವಾ ಫ್ರಿಯಾ ಎಂಬ ಊರಿಗೆ ಒಬ್ಬ ಅರಿಜೋನಾ ರೇಂಜರ್ ಬರುತ್ತಾನೆ. ಸೊಂಟದಲ್ಲಿ ದೊಡ್ಡ ಪಿಸ್ತೂಲು. ಟೆಕ್ಸಸ್ ರೆಡ್ ಎಂಬ ಕೊಲೆಗಾರನನ್ನು ಹಿಡಿಯಬೇಕು. ರೆಡ್‌ಗೆ ವಯಸ್ಸು 24, ಕೊಂದದ್ದು 20 ಜನರನ್ನು. ಇಬ್ಬರೂ ಬೀದಿಯಲ್ಲಿ ಎದುರುಬದುರು ನಿಲ್ಲುತ್ತಾರೆ. ರೆಡ್ ಪಿಸ್ತೂಲು ಪೂರ್ತಿ ಎಳೆಯುವುದರೊಳಗೆ ಕಥೆ ಮುಗಿದಿರುತ್ತದೆ. ಅರಿಜೋನಾ ರೇಂಜರ್ಸ್ ಎಂಬ ಪೊಲೀಸ್ ದಳ ನಿಜವಾಗಿಯೂ ಇತ್ತು. 1901ರಲ್ಲಿ ಕಟ್ಟಿದರು, 1909ರಲ್ಲಿ ಮುಚ್ಚಿದರು. ಮೊಮ್ಮಗನಿಗೆ ಅದೆಲ್ಲ ಬೇಡ. ಅವನಿಗೆ ಆ ಪಿಸ್ತೂಲು ಎಳೆಯುವ ಗಳಿಗೆ ಸಾಕು. ನಿಮ್ಮ ಲೇಖಕರಿಗೂ ಅಷ್ಟೇ ಕೇಳಿಸಿದೆ ಅಂತ ಕಾಣುತ್ತದೆ.

ನನಗೆ ಉಳಿದದ್ದು ಕೇಳಿಸಿದ್ದು ಎಲ್ ಪಾಸೋಗೆ ಹೋಗುವ ದಾರಿಯಲ್ಲಿ. ಡಲ್ಲಾಸ್‌ನಿಂದ ಸುಮಾರು ಸಾವಿರ ಕಿಲೋಮೀಟರ್. ಬೆಳಿಗ್ಗೆ ಉಪ್ಪಿಟ್ಟು ಕಟ್ಟಿಕೊಂಡು ಹೊರಟರೆ ಕತ್ತಲಾಗುವ ತನಕ ಕಾರು ಓಡುತ್ತಲೇ ಇರುತ್ತದೆ, ಟೆಕ್ಸಸ್ ಮಾತ್ರ ಮುಗಿಯುವುದಿಲ್ಲ. ಅಳಿಯಂದಿರು ಪೂರ್ತಿ ಆಲ್ಬಂ ಹಾಕಿದರು. ಮೊಮ್ಮಗ ಫೋನಿನಲ್ಲಿ ನೋಡಿ ಓದುತ್ತಾ ಬಂದ. 12 ಹಾಡು. ಎಲ್ಲವನ್ನೂ ನ್ಯಾಶ್‌ವಿಲ್‌ನಲ್ಲಿ 1959ರ ಏಪ್ರಿಲ್ 7ರಂದು ಒಂದೇ ದಿನ ಹಾಡಿ ಮುಗಿಸಿದ್ದಾರೆ. ನಾವು ಒಂದು ದಿನದಲ್ಲಿ ಇನ್ನೂರು ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕಿದರೆ ಸಂಜೆ ಊಟಕ್ಕೆ ಕೈ ಎತ್ತಲು ಆಗುತ್ತಿರಲಿಲ್ಲ. ಈ ಮನುಷ್ಯನ ದನಿಯಲ್ಲಿ ಹನ್ನೆರಡನೇ ಹಾಡಿನಲ್ಲೂ ದಣಿವಿಲ್ಲ. ಗಿಟಾರ್, ಬೇಸ್, ಒಂದಿಷ್ಟು ಡ್ರಮ್ಸ್, ಹಿಂದೆ ಸಣ್ಣಗೆ ದನಿ ಸೇರಿಸುವ ಗ್ಲೇಸರ್ ಸಹೋದರರು. ಅಷ್ಟೇ. ಅಬ್ಬರ ಇಲ್ಲ.

ದಾರಿ ಉದ್ದ ಇತ್ತಲ್ಲ, ಬೆರಳು ಮಡಚಿ ಎಣಿಸಿದೆ. ಗುಂಡು ಹಾರಿಸುವುದು, ಗಲ್ಲಿಗೆ ಹಾಕುವುದು, ಗುಂಡಿಗೆ ಹೆದರಿ ಓಡುವುದು ಇರುವ ಹಾಡು ಐದು. ಮಿಕ್ಕ ಏಳರಲ್ಲಿ ಮನುಷ್ಯನ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ. ಅವುಗಳಲ್ಲಿ ಬಾಯಾರಿಕೆ ಇದೆ, ಹಠಮಾರಿ ಕುದುರೆ ಇದೆ, ಸಿಡಿಲಿಗೆ ಬೆದರಿದ ದನ ಇದೆ, ಜಮೀನಿನ ಆಸೆ ಇದೆ. ಆಲ್ಬಂ ಹೆಸರಿನಲ್ಲೇ ಎರಡು ಭಾಗ ಇದೆ, ಅಲ್ವಾ? 'ಟ್ರೇಲ್ ಸಾಂಗ್ಸ್' ಅಂದರೆ ದನ ಹೊಡೆದುಕೊಂಡು ಹೋಗುವ ದಾರಿಯ ಹಾಡುಗಳು. ಜನ ಮೊದಲರ್ಧ ಮಾತ್ರ ಓದಿ ಬಿಡುತ್ತಾರೆ. ಹೊದಿಕೆಯ ಮೇಲೆ ಕಪ್ಪು ಬಟ್ಟೆ ತೊಟ್ಟು ಪಿಸ್ತೂಲಿಗೆ ಕೈ ಹಾಕಿ ನಿಂತ ಚಿತ್ರ ಇರುವುದರಿಂದ ಅವರದ್ದೇ ತಪ್ಪು ಅನ್ನಲೂ ಆಗುವುದಿಲ್ಲ.

ಈಗ ಆ ದಾರಿಯ ಬಗ್ಗೆ ನಾಲ್ಕು ಮಾತು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಸ್‌ನಲ್ಲಿ ಲಾಂಗ್‌ಹಾರ್ನ್ ಎಂಬ ಉದ್ದ ಕೊಂಬಿನ ದನ ಲಕ್ಷಗಟ್ಟಲೆ ಇದ್ದವು, ಕೊಳ್ಳುವವರಿಲ್ಲ. ಅಲ್ಲಿ ನಾಲ್ಕು ಡಾಲರ್ ಬೆಲೆಯ ಹೋರಿಗೆ ಉತ್ತರದ ಪೇಟೆಯಲ್ಲಿ ನಲವತ್ತು ಡಾಲರ್ ಸಿಗುತ್ತಿತ್ತು. ಕಾನ್ಸಾಸ್‌ನ ಆಬಿಲೀನ್‌ಗೆ ರೈಲು ಬಂದಿತ್ತು. 1867ರಿಂದ ದನವನ್ನು ಅಲ್ಲಿಗೆ ನಡೆಸಿಕೊಂಡೇ ಹೋಗಲು ಶುರು ಮಾಡಿದರು. ಒಂದು ಹಿಂಡಿಗೆ ಎರಡು ಮೂರು ಸಾವಿರ ದನ, ಕಾಯಲು ಹತ್ತು ಹನ್ನೆರಡು ಹುಡುಗರು. ದಿನಕ್ಕೆ ಹತ್ತು ಹದಿನೈದು ಮೈಲಿ. ಸಂಬಳ ತಿಂಗಳಿಗೆ ಮೂವತ್ತು ಡಾಲರ್ ಆಸುಪಾಸು. ಎರಡು ಮೂರು ತಿಂಗಳು ಧೂಳು ಕುಡಿಯುವ ಕೆಲಸ. ರಾತ್ರಿ ಇಬ್ಬಿಬ್ಬರು ಪಾಳಿ ಮೇಲೆ ಕುದುರೆ ಹತ್ತಿ, ಮಲಗಿದ ಹಿಂಡನ್ನು ಎದುರು ದಿಕ್ಕಿನಲ್ಲಿ ಸುತ್ತುತ್ತಿದ್ದರು. ಸುತ್ತುತ್ತಾ ಹಾಡುತ್ತಿದ್ದರು. ಮೋಜಿಗಲ್ಲ. ಕತ್ತಲಲ್ಲಿ ಒಂದು ಕಡ್ಡಿ ಮುರಿದರೂ ಸಾಕು, ಹಿಂಡು ಏಕ್ದಂ ಎದ್ದು ಓಡುತ್ತದೆ. ಪರಿಚಯದ ದನಿ ಕಿವಿಗೆ ಬೀಳುತ್ತಾ ಇದ್ದರೆ ದನ ಮೆಲುಕು ಹಾಕುತ್ತಾ ಇರುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ಹೊತ್ತು ರೊಪ್ಪಕ್ಕೆ ಹೋದರೆ ಹತ್ತು ಮಾರು ಮೊದಲೇ ಬಾಯಲ್ಲಿ ಏನಾದರೂ ಸದ್ದು ಮಾಡಿಕೊಂಡು ಹೋಗಬೇಕು ಎಂದು ನನ್ನ ಸರ್ವಿಸ್‌ನ ಮೊದಲ ತಿಂಗಳೇ ಕಲಿತಿದ್ದೆ.

'ಕೂಲ್ ವಾಟರ್' ಬಂದಾಗ ನಾವು ಪೇಕೋಸ್ ಕಡೆ ಇದ್ದೆವು. ಬಾಬ್ ನೋಲನ್ ಬರೆದ ಹಾಡು. ಆತ ಕೆನಡಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಅರಿಜೋನಾದ ಟೂಸಾನ್‌ಗೆ ಬಂದು ಮರುಭೂಮಿ ಕಂಡವನು. ಒಬ್ಬ ಮನುಷ್ಯ, ಅವನ ಹೇಸರಗತ್ತೆ ಡ್ಯಾನ್. ನೀರಿಲ್ಲ. ದೂರದಲ್ಲಿ ಹಸಿರು ಮರ, ಹರಿಯುವ ನೀರು ಕಾಣುತ್ತದೆ. ಹತ್ತಿರ ಹೋದರೆ ಬರೀ ಬಿಸಿಲುಗುದುರೆ. ಇಷ್ಟೇ ಹಾಡು. ಕಿಟಕಿಯ ಆಚೆ ನೋಡಿದರೆ ಕಣ್ಣು ಹರಿಯುವ ತನಕ ಕುರುಚಲು, ಸೀಮೆಜಾಲಿಯಂಥ ಗಿಡ, ಮಧ್ಯೆ ಮಧ್ಯೆ ಎಣ್ಣೆ ಎತ್ತುವ ಪಂಪು ತಲೆ ಆಡಿಸುತ್ತಾ ನಿಂತಿತ್ತು. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಮತ್ತು ಆಲಿವರ್ ಲವಿಂಗ್ ದನ ಹೊಡೆದುಕೊಂಡು ಇದೇ ಪೇಕೋಸ್ ನದಿಗೆ ಬಂದಿದ್ದರು. ಅದಕ್ಕೆ ಮೊದಲು ನೂರು ಮೈಲಿಗೆ ಹತ್ತಿರ ಒಂದು ಹನಿ ನೀರಿಲ್ಲ. ನದಿಯ ವಾಸನೆ ಹಿಡಿದ ಕೂಡಲೇ ದನ ತಡೆಯಲಾಗದೆ ನುಗ್ಗಿದವು. ದಾರಿಯಲ್ಲಿ ಬಾಯಾರಿ ಸತ್ತವು ಬಹಳ, ನೀರಿಗೆ ಬಿದ್ದು ಒಂದರ ಮೇಲೊಂದು ಏರಿ ಸತ್ತವೂ ಇದ್ದವು. ನಮ್ಮ ಕಡೆ ಬರಗಾಲದ ವರ್ಷ ಗೋಶಾಲೆಗೆ ಟ್ಯಾಂಕರ್ ಬಂದಾಗ ದನ ಹೇಗೆ ಮುನ್ನುಗ್ಗುತ್ತವೆ ಅಂತ ನೋಡಿದವರಿಗೆ ಇದು ಹೊಸದಲ್ಲ. ಕಾರಿನಲ್ಲಿ ನನ್ನ ಪಕ್ಕ ತಣ್ಣನೆ ನೀರಿನ ಬಾಟಲಿ ಇತ್ತು. ಹಾಡು ಮುಗಿಯುವ ತನಕ ಕುಡಿಯಲು ಮನಸ್ಸಾಗಲಿಲ್ಲ.

'ದಿ ಸ್ಟ್ರಾಬೆರಿ ರೋನ್' ನಗಿಸುವ ಹಾಡು. ಕೆಂಪು ಬಿಳಿ ಕೂದಲು ಬೆರೆತ ಮೈಯ ಒಂದು ಮುದಿ ಕುದುರೆ. ಎಂಥ ಕುದುರೆಯನ್ನಾದರೂ ಪಳಗಿಸುತ್ತೇನೆ ಎಂದು ಜಂಬ ಕೊಚ್ಚಿದವನನ್ನು ಆಕಾಶಕ್ಕೆ ಎಸೆದು ನೆಲಕ್ಕೆ ಕೆಡವುತ್ತದೆ. ಮೂಲ ಪದ್ಯ ಬರೆದ ಕರ್ಲಿ ಫ್ಲೆಚರ್ ಸ್ವತಃ ರೋಡಿಯೋ ಸವಾರ; ರೋಡಿಯೋ ಅಂದರೆ ಹಠಮಾರಿ ಕುದುರೆ, ಹೋರಿಗಳ ಬೆನ್ನೇರಿ ಬೀಳದೆ ಕೂರುವ ಪಂದ್ಯ. ಬಿದ್ದು ಎದ್ದವನೇ ಬರೆದದ್ದು ಅಂತ ಕೇಳಿದರೆ ಗೊತ್ತಾಗುತ್ತದೆ. ನನ್ನ ಎಡ ಮೊಣಕಾಲಿನಲ್ಲಿ ಇಂದಿಗೂ ಒಂದು ಹಳ್ಳಿಕಾರ್ ಹೋರಿಯ ಗುರುತಿದೆ. ಪದ್ಯ ಬರೆಯಲು ಬರಲಿಲ್ಲ, ಅಷ್ಟೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಹಾಡು, 'ಯೂಟಾ ಕ್ಯಾರಲ್'. ಕೌಬಾಯ್‌ಗಳ ಬಾಯಿಂದ ಬಾಯಿಗೆ ಬಂದ ಹಳೆಯ ಕಥೆ. ಯಜಮಾನನ ಪುಟ್ಟ ಮಗಳು ಲೆನೋರ್ ಕುದುರೆ ಮೇಲೆ ಬಂದಿದ್ದಾಳೆ. ಕೂತ ಕೆಂಪು ಕಂಬಳಿ ಜಾರಿ ನೆಲಕ್ಕೆ ತಾಗುವ ಹಾಗೆ ಜೋತಾಡುತ್ತದೆ. ಅದನ್ನು ಕಂಡು ಹಿಂಡು ಬೆದರಿ ನುಗ್ಗುತ್ತದೆ. ಮಗು ಬೀಳುತ್ತದೆ. ಯೂಟಾ ಕುದುರೆ ಓಡಿಸಿಕೊಂಡು ಬಂದು, ಬಗ್ಗಿ ಅವಳನ್ನು ಎತ್ತಿಕೊಳ್ಳುವಾಗ ಜೀನಿನ ಪಟ್ಟಿ ಕಿತ್ತುಹೋಗುತ್ತದೆ. ಆಗ ಅವನು ಆ ಕೆಂಪು ಕಂಬಳಿಯನ್ನೇ ಎತ್ತಿ ಬೀಸುತ್ತಾ ಬೇರೆ ಕಡೆ ಓಡುತ್ತಾನೆ. ಹಿಂಡು ಮಗುವನ್ನು ಬಿಟ್ಟು ಅವನ ಹಿಂದೆ ತಿರುಗುತ್ತದೆ. ಅವನ ಪಿಸ್ತೂಲೂ ಹಾರುತ್ತದೆ, ಮುಂದೆ ನುಗ್ಗಿ ಬಂದ ಹೋರಿಯ ಮೇಲೆ. ಉಳಿಯುವುದಿಲ್ಲ. ಅದೇ ಕಂಬಳಿ ಹೊದಿಸಿ ಮಣ್ಣು ಮಾಡುತ್ತಾರೆ.

ಕಾರು ಹಾಗೇ ಸ್ವಲ್ಪ ಹೊತ್ತು ಹೋಯಿತು. ಮೊಮ್ಮಗ, "ಅಜ್ಜ, ಕೆಂಪು ಕಂಡರೆ ದನಕ್ಕೆ ಸಿಟ್ಟು ಬರುತ್ತದಾ?" ಅಂತ ಕೇಳಿದ. ಅದು ತಪ್ಪು ತಿಳಿವಳಿಕೆ ಅಂದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಜೀವಕೋಶ ಮೂರು ಬಗೆ, ದನದ ಕಣ್ಣಿನಲ್ಲಿ ಎರಡೇ. ನಾವು ನೋಡುವ ಕೆಂಪು ಅವಕ್ಕೆ ಕಾಣುವುದಿಲ್ಲ. ಕಂಬಳಿ ಜೋತಾಡಿದ್ದೇ ತೊಂದರೆ. ಒಂದು ದನದ ಜಾತ್ರೆಯಲ್ಲಿ ನಾನೇ ನೋಡಿದ್ದೇನೆ. ಗಾಳಿಗೆ ಒಂದು ನೀಲಿ ಟಾರ್ಪಾಲಿನ ಮೂಲೆ ಬಿಚ್ಚಿ ಪಟಪಟ ಹೊಡೆದುಕೊಂಡಿತು. ಗೂಟ ಕಿತ್ತುಕೊಂಡು ಹದಿನಾರು ಎತ್ತು ಓಡಿದವು. ಟೀ ಅಂಗಡಿಯ ಬೆಂಚು, ಸ್ಟೋವು, ನನ್ನ ಲಸಿಕೆಯ ಡಬ್ಬಿ ಯಾವುದೂ ಉಳಿಯಲಿಲ್ಲ. ಪುಣ್ಯಕ್ಕೆ ಜನಕ್ಕೆ ಏನೂ ಆಗಲಿಲ್ಲ. ಒಬ್ಬ ಮುದುಕ ಅಡ್ಡ ನಿಂತು ಟವೆಲು ಬೀಸಿ ಅವನ್ನು ಖಾಲಿ ಹೊಲದ ಕಡೆ ತಿರುಗಿಸಿದ. ಆ ಟವೆಲಿನ ಬಣ್ಣವೂ ಕೆಂಪಲ್ಲ. ಅದಕ್ಕೇ ಹೇಳಿದ್ದು, ಕಥೆ ಕಟ್ಟಿದವನಿಗೆ ಬಣ್ಣದ ಶಾಸ್ತ್ರ ಗೊತ್ತಿಲ್ಲದಿದ್ದರೂ ದನ ಗೊತ್ತಿತ್ತು.

ಎಲ್ ಪಾಸೋ ಊರು ತಲುಪುವಾಗ 'ಎಲ್ ಪಾಸೋ' ಹಾಡನ್ನು ಮತ್ತೆ ಹಾಕಿದರು. ಆಲ್ಬಂ ಹೆಸರಾದದ್ದು ಇದರಿಂದಲೇ. ಫೆಲೀನಾ ಎಂಬ ಹುಡುಗಿಗೆ ಮನಸೋತ ಕೌಬಾಯ್ ಒಬ್ಬನನ್ನು ಕೊಂದು ನ್ಯೂ ಮೆಕ್ಸಿಕೋಗೆ ಓಡುತ್ತಾನೆ. ಇರಲಾರದೆ ತಿರುಗಿ ಬಂದು ಗುಂಡು ತಿಂದು ಅವಳ ತೋಳಿನಲ್ಲಿ ಸಾಯುತ್ತಾನೆ. ನಾಲ್ಕೂವರೆ ನಿಮಿಷಕ್ಕಿಂತ ಜಾಸ್ತಿ. ರೇಡಿಯೋದವರು ಮೂರು ನಿಮಿಷ ದಾಟಿದರೆ ಮುಖ ಸಿಂಡರಿಸುತ್ತಿದ್ದ ಕಾಲ ಅದು. ಆದರೂ 1960ರ ಆರಂಭದಲ್ಲಿ ಜನಪ್ರಿಯ ಹಾಡುಗಳ ಕಂಟ್ರಿ ಪಟ್ಟಿ, ಪಾಪ್ ಪಟ್ಟಿ ಎರಡರಲ್ಲೂ ಮೊದಲ ಸ್ಥಾನ. ಮುಂದೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಗ್ರೇಡಿ ಮಾರ್ಟಿನ್ ಗಿಟಾರ್ ಕೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ. ಆ ತಂತಿ ಸ್ಪ್ಯಾನಿಷ್ ಮಾತಾಡುತ್ತದೆ.

ಇಷ್ಟು ಹೊಗಳಿದ ಮೇಲೆ ನನ್ನ ದೂರೂ ಇದೆ. ಈ ಕಸುಬನ್ನು ಅಮೆರಿಕದವರಿಗೆ ಕಲಿಸಿದವರು ವಕೇರೋಗಳು, ಅಂದರೆ ಕುದುರೆ ಮೇಲೆ ದನ ಕಾಯುತ್ತಿದ್ದ ಮೆಕ್ಸಿಕೋದವರು. ರ‍್ಯಾಂಚ್, ಲಾಸೋ, ರೋಡಿಯೋ, ಕರಾಲ್ ಎಲ್ಲ ಅವರ ಮಾತು. ದನ ಹೊಡೆದವರಲ್ಲಿ ಕಪ್ಪು ಜನರೂ ಬಹಳ ಇದ್ದರು. ಆಲ್ಬಂನಲ್ಲಿ ಮೆಕ್ಸಿಕೋದವರ ಪಾಲಿಗೆ ಸಿಕ್ಕಿದ್ದು ಕುಣಿಯುವ ಹುಡುಗಿಯ ಪಾತ್ರ ಮಾತ್ರ. ಕಪ್ಪು ಜನರಿಗೆ ಅದೂ ಇಲ್ಲ. 'ಎ ಹಂಡ್ರೆಡ್ ಅಂಡ್ ಸಿಕ್ಸ್ಟಿ ಏಕರ್ಸ್' ಹಾಡಿನಲ್ಲಿ ಒಬ್ಬ ತನ್ನ 160 ಎಕರೆಯ ಖುಷಿ ಹೇಳಿಕೊಳ್ಳುತ್ತಾನೆ. ಆ ಲೆಕ್ಕ 1862ರ ಹೋಮ್‌ಸ್ಟೆಡ್ ಕಾಯ್ದೆಯದ್ದು: ಐದು ವರ್ಷ ಇದ್ದು ಉತ್ತರೆ 160 ಎಕರೆ ನಿನ್ನದು. ಅದಕ್ಕೆ ಮೊದಲು ಆ ನೆಲ ಯಾವ ಬುಡಕಟ್ಟಿನದ್ದಾಗಿತ್ತು ಅಂತ ಹಾಡು ಕೇಳುವುದಿಲ್ಲ. ಹಾಗೆ ನೆಲ ಪಡೆದವರು ಬೇಲಿ ಹಾಕಿಕೊಂಡರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ದನದ ದಾರಿ ಒಂದೊಂದಾಗಿ ಮುಚ್ಚುತ್ತಾ ಹೋಯಿತು. ನಮ್ಮ ಕಡೆ ದನ ಮೇಯುವ ಕಾವಲುಗಳಿಗೆ ಬೇಲಿ ಬಿದ್ದದ್ದು ಕಂಡ ನನಗೆ ಆ ಖುಷಿಯ ಹಾಡು ಸ್ವಲ್ಪ ಕಹಿಯಾಗಿಯೇ ಕೇಳಿಸಿತು.

ಇನ್ನೊಂದು ದೂರು, ಇದು ಪೂರ್ತಿ ನನ್ನ ವೃತ್ತಿಯದು. ಉಣ್ಣೆಯ ಬಗ್ಗೆ ಹಾಡೇ ಇಲ್ಲ! ದನದ ಮೈಮೇಲೆ ಕೂರುವ ಉಣ್ಣೆ, ಕೆಲವರು ಉಣುಗು ಅನ್ನುತ್ತಾರೆ. ಟೆಕ್ಸಸ್ ದನ ನೋಡಲು ಗಟ್ಟಿಮುಟ್ಟಾಗಿರುತ್ತಿದ್ದವು. ಅವು ಹಾದುಹೋದ ಕಡೆ ಕಾನ್ಸಾಸ್, ಮಿಸೌರಿ ರೈತರ ದನ ಜ್ವರ ಬಂದು, ಕಾಫಿ ಬಣ್ಣದ ಗಂಜಲ ಹೊಯ್ದು ಸಾಯುತ್ತಿದ್ದವು. ಟೆಕ್ಸಸ್ ಜ್ವರ ಅಂತ ಹೆಸರಾಯಿತು. ಕರುವಾಗಿದ್ದಾಗಲೇ ಕಾಯಿಲೆ ತಗಲಿ ಅರಗಿಸಿಕೊಂಡ ದನಕ್ಕೆ ಏನೂ ಆಗದು, ಹೊಸ ದನಕ್ಕೆ ಸಾವು. ರೈತರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. 1885ರಲ್ಲಿ ಕಾನ್ಸಾಸ್ ತನ್ನ ಬಾಗಿಲನ್ನೇ ಮುಚ್ಚಿತು. ಅದು ಉಣ್ಣೆಯಿಂದ ಹರಡುವ ಕಾಯಿಲೆ ಎಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟರು. ನಾವು ಇಂದಿಗೂ ಅದಕ್ಕೇ ಇಂಜೆಕ್ಷನ್ ಕೊಡುತ್ತೇವೆ. ಆ ದಾರಿಯಲ್ಲಿ ಬಂದೂಕು ಹೊರಬಂದದ್ದಕ್ಕೆ ಫೆಲೀನಾಗಿಂತ ಉಣ್ಣೆಯೇ ಹೆಚ್ಚು ಕಾರಣ ಅಂತ ನನ್ನ ಅನುಮಾನ.

ಅದೇ ಉಣ್ಣೆಯ ಕಾಟ, ಬಿಸಿಲು ಎರಡನ್ನೂ ತಡೆಯುವ ತಳಿ ಬೇಕು ಅಂತ ಅಮೆರಿಕದವರು ಭಾರತದ ದನದ ರಕ್ತ ಬೆರೆಸಿ 'ಬ್ರಾಹ್ಮನ್' ಎಂಬ ತಳಿ ಕಟ್ಟಿದರು. ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ಜೊತೆಗೆ ನಮ್ಮ ಬಿಜಾಪುರ, ಬೆಳಗಾವಿ ಕಡೆಯ ಕೃಷ್ಣಾ ವ್ಯಾಲಿ ತಳಿಯೂ ಅದರಲ್ಲಿ ಇದೆ. ಫೋರ್ಟ್‌ವರ್ತ್‌ನಲ್ಲಿ ರೋಡಿಯೋ ನೋಡಲು ಹೋಗಿದ್ದೆವು. ಬಾಗಿಲು ತೆರೆದದ್ದೇ ಒಂದು ಹೋರಿ ಸವಾರನನ್ನು ಹೊತ್ತು ಹಾರಿ ಬಂತು. ಹೆಗಲ ಮೇಲೆ ಡುಬ್ಬ, ಕೆಳಗೆ ಜೋತುಬಿದ್ದ ಗಂಗೆದೊಗಲು. ನಾನು ಎದ್ದು ನಿಂತುಬಿಟ್ಟೆ. ಸವಾರ ಮೂರು ಸೆಕೆಂಡಿಗೇ ನೆಲದಲ್ಲಿದ್ದ. ಸುತ್ತ ಇದ್ದವರು ಅವನಿಗೆ ಅಯ್ಯೋ ಅಂದರು, ನಾನೊಬ್ಬ ಹೋರಿಗೆ ಚಪ್ಪಾಳೆ ತಟ್ಟಿದೆ. ಮಗಳು ಕೈ ಹಿಡಿದು ಕೂರಿಸಿದಳು.

ಕೊನೆಗೆ ಆ 'ಗೋಪಾಲಕ'. ಪದ ತಪ್ಪಲ್ಲ, ಆದರೆ ಕೇಳಿದರೆ ಕೊಳಲು, ನವಿಲುಗರಿ ನೆನಪಾಗುತ್ತದೆ. ಕೌಬಾಯ್ ಕೂಲಿಯವನು. ಯಾರದೋ ದನ, ಯಾರದೋ ಕುದುರೆ, ತಿಂಗಳ ಸಂಬಳ. ಚಳ್ಳಕೆರೆ ಕಡೆ ದೇವರ ಎತ್ತುಗಳನ್ನು ಕಾಯುವವರಿಗೆ ಕಿಲಾರಿ ಅನ್ನುತ್ತಾರೆ. ಅವರೂ ಹುಲ್ಲು ನೀರು ಇದ್ದ ಕಡೆ ಹಿಂಡಿನ ಹಿಂದೆ ಹೋಗುವವರು, ರಾತ್ರಿ ದನದ ಪಕ್ಕದಲ್ಲೇ ಮಲಗುವವರು. ಕಿಲಾರಿ ಕಾಯುವುದು ದೇವರ ದನವನ್ನು, ಕೌಬಾಯ್ ಹೊಡೆಯುವುದು ಮಾಂಸದ ಪೇಟೆಗೆ. ಆ ವ್ಯತ್ಯಾಸ ಸಣ್ಣದಲ್ಲ, ಗೊತ್ತು. ಕೆಲಸದ ಕಷ್ಟ ಮಾತ್ರ ಒಂದೇ. ಮುಂದಿನ ಸಲ ಬರೆಯುವಾಗ ಲೇಖಕರು ಕೌಬಾಯ್ ಅಂತಲೇ ಬಿಡಲಿ, ಇಲ್ಲ ಕಿಲಾರಿ ಅನ್ನಲಿ.

ಹೊರಡುವ ವಾರ ಫೋರ್ಟ್‌ವರ್ತ್‌ನ ಒಂದು ಹಳೇ ಅಂಗಡಿಯಲ್ಲಿ ಈ ಆಲ್ಬಂನ ಎಲ್‌ಪಿ ಸಿಕ್ಕಿತು. 14 ಡಾಲರ್. ಹೊದಿಕೆಯ ಒಂದು ಮೂಲೆ ಇಲಿ ತಿಂದಿದೆ, ತಟ್ಟೆ ಚೆನ್ನಾಗಿದೆ. ಸೀರೆಗಳ ಮಧ್ಯೆ ಇಟ್ಟು ತಂದೆವು. ಪಕ್ಕದ ಮನೆಯವರ ಹತ್ತಿರ ಹಳೇ ರೆಕಾರ್ಡ್ ಪ್ಲೇಯರ್ ಇದೆ, ತಿರುಗುತ್ತದೆ, ಆದರೆ ಮುಳ್ಳು ಸವೆದಿದೆ. ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಆ ಮುಳ್ಳು ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ಮೊದಲು ಎರಡನೇ ಬದಿ ಹಾಕಬೇಕು ಅಂತಿದ್ದೇನೆ, ಕೊನೆಯ ಹಾಡು.

ಇತಿ ನಿಮ್ಮ ಓದುಗ,
ನಿವೃತ್ತ ಪಶುವೈದ್ಯ, ಹಿರಿಯೂರು